ಬೊಗಳದ ನಾಯಿಯ ಯಜಮಾನಿ

ಕಿವಿ ಮಂದವಾದವರಲ್ಲಿ ಎರಡು ಜಾತಿ. ಮಾತುಮಾತಿಗೂ "ಆಂ? ಏನು?" ಎಂದು ಕೇಳಿ ಮನೆಯವರ ಗಂಟಲು ಒಣಗಿಸುವವರು ಒಂದು ಜಾತಿ. ಏನೂ ಕೇಳಿಸದಿದ್ದರೂ ಮುಗುಳ್ನಕ್ಕು ತಲೆಯಾಡಿಸುವವರು ಇನ್ನೊಂದು. ನಾನು ಎರಡನೆಯದಕ್ಕೆ ಸೇರಿದವಳು. ಮಂಗಳೂರಿನ ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್, ಲೇಡಿ ಆದವಳು "ವಾಟ್?" ಎನ್ನಬಾರದು, ಸ್ಮೈಲ್ ಮಾಡಬೇಕು ಎಂದು ಕಲಿಸಿದ್ದರು. ಆ ಸಿಸ್ಟರ್ ಈಗಿಲ್ಲ. ಕಲಿಸಿದ ಸ್ಮೈಲ್ ಮಾತ್ರ ಉಳಿದಿದೆ. ಹಾಗಾಗಿ ಮಗಳು ಶೀಲಾ ತಂದುಕೊಟ್ಟ ಹಿಯರಿಂಗ್ ಏಡ್, ಡ್ರಾಯರಿನಲ್ಲಿ ಬಾಮಿನ ಡಬ್ಬಿಯ ಪಕ್ಕ ಸುಖವಾಗಿ ಮಲಗಿತ್ತು.

ಆಮೇಲೆ ಅವಳೇ ರೂಫಸ್‌ನನ್ನೂ ತಂದಳು. ಫಿನ್‌ಲ್ಯಾಂಡಿನಲ್ಲಿ ಓದು ಮುಗಿಸಿ ಬರುವಾಗ ಜೊತೆಯಲ್ಲೇ ಕರೆತಂದ ಫಿನ್ನಿಷ್ ಸ್ಪಿಟ್ಜ್ ಜಾತಿಯ ನಾಯಿ ಅವನು. ನರಿಯ ಬಣ್ಣ, ಚೂಪು ಕಿವಿ, ಬೆನ್ನ ಮೇಲೆ ಸುರುಳಿ ಸುತ್ತಿದ ಬಾಲ. ಫೋರ್ಟ್ ಕೊಚ್ಚಿಯ ಅವಳ ಬಾಡಿಗೆ ಮನೆಯ ಓನರ್ ಒಪ್ಪಲಿಲ್ಲವೆಂದು ತಿರುವನಂತಪುರದ ನಮ್ಮ ಮನೆ ಸೇರಿದ. ಹಿಮಕ್ಕೆಂದು ದೇವರು ಕೊಟ್ಟ ಕೋಟು ಅವನದು, ಇಲ್ಲಿಯ ಸೆಕೆಯಲ್ಲಿ ಅದು ಎಳೆಎಳೆಯಾಗಿ ಉದುರಿ ಸೋಫಾ, ಸೀರೆ, ಕೊನೆಗೆ ಇಡ್ಲಿಯವರೆಗೂ ತಲುಪಿತು. ದಿನಕ್ಕೆರಡು ಸಲ ಬಾಚುವುದು, ಒದ್ದೆ ಟವೆಲಿನಿಂದ ಹೊಟ್ಟೆ ಒರೆಸುವುದು, ಫ್ಯಾನಿನಡಿ ಹಾಸುವುದು, ಎಲ್ಲ ನನ್ನದೇ ಕೆಲಸ. ಬೇಸರವೇ ಆಗಲಿಲ್ಲ. "ಸಚ್ ಎ ಕ್ವಯೆಟ್ ಡಾಗ್" ಎಂದು ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಒಂದು ಸಂಜೆ ಪಕ್ಕದ ಮನೆಯ ಪಿಳ್ಳೆ ಸಾರ್ ಬಂದರು. ನಮ್ಮ ಕಾಲನಿಯ ಅಸೋಸಿಯೇಷನ್ನಿನ ಪ್ರೆಸಿಡೆಂಟ್. ಮೈಕ್ ಇಲ್ಲದೆಯೂ ಮೈಕಿನಲ್ಲೇ ಮಾತಾಡುವವರಾದ್ದರಿಂದ ಅವರದ್ದೆಲ್ಲ ನನಗೆ ಸ್ಪಷ್ಟವಾಗಿ ಕೇಳುತ್ತದೆ.

"ಮೇಡಂ, ಇದು ನೋಟಿಸ್. ಭಾನುವಾರದೊಳಗೆ ನಾಯಿಯನ್ನು ಬೇರೆ ಕಡೆ ಕಳಿಸಬೇಕು. ನಾನು ಯೋಗಕ್ಕೆ ಕೂತಾಗ ಅದು ಶುರು ಮಾಡಿದರೆ, ಒಳಗೆ ಎಳೆದುಕೊಂಡ ಉಸಿರು ಹೊರಗೆ ಬರುವುದೇ ಇಲ್ಲ."

"ಯಾವ ನಾಯಿ? ನಮ್ಮದು ಬೊಗಳುವುದೇ ಇಲ್ಲವಲ್ಲ, ಸಾರ್."

ಪಿಳ್ಳೆ ಸಾರ್ ನಮ್ಮವರ ಮುಖ ನೋಡಿದರು. ತುಂಬಾದ ರಾಕೆಟ್ ಕೇಂದ್ರದಲ್ಲಿ ಕೆಲಸ ಮಾಡಿ ರಿಟೈರ್ ಆದ ನಮ್ಮವರು, ಈಗೊಂದು ಹಾರಿಹೋಯಿತೋ ಎಂಬಂತೆ ಮೇಲೆ ನೋಡುತ್ತಿದ್ದರು. ಪಿಳ್ಳೆ ಸಾರ್ ಹೋದ ಮೇಲೆ, ಮೊದಲೇ ಯಾಕೆ ಹೇಳಲಿಲ್ಲ ಎಂದು ನಮ್ಮವರೊಡನೆ ಜಗಳ ತೆಗೆದೆ. ಅವರು ನನ್ನ ಕಿವಿಯ ಹತ್ತಿರ ಬಂದು ಹೇಳಿದರು: "ಎಷ್ಟು ಸಲ ಹೇಳಿದ್ದೇನೆ ಮಾರಾಯ್ತಿ. ನೀನು ನಗ್ತಿ, ತಲೆ ಆಡಿಸ್ತಿ."

ಬೇರೆ ಕಡೆ ಎಂದರೆ ಯಾರೋ ಗುರುತಿಲ್ಲದವರ ಗೇಟು. ಅಲ್ಲಿ ಅವನ ಹೊಟ್ಟೆಗೆ ಒದ್ದೆ ಟವೆಲ್ ಹಾಕುವವರು ಯಾರು? ಡ್ರಾಯರ್ ತೆಗೆದು ಯಂತ್ರವನ್ನು ಕಿವಿಗೆ ಸಿಕ್ಕಿಸಿ ಶೀಲಾಗೆ ಫೋನ್ ಮಾಡಿದೆ.

"ಮಮ್ಮಿ, ಅದು ಬೇಟೆ ನಾಯಿ. ಮರದಲ್ಲಿ ಹಕ್ಕಿ ಕಂಡರೆ ಬೇಟೆಗಾರ ಬರುವವರೆಗೂ ಬೊಗಳ್ತಾ ನಿಲ್ಲುವುದೇ ಅದರ ಡ್ಯೂಟಿ. ಯಾರಾದ್ರೂ ಹೋಗಿ ನೋಡಿದ್ರೆ ಸಾಕು. ಮೊದಲ ದಿನವೇ ಹೇಳಿದ್ದೆ, ನೀನು 'ಓಕೆ ಡಿಯರ್' ಅಂದಿದ್ದಿ."

ಅಂದರೆ ಇಷ್ಟು ದಿನ ಆ ಬಡಪಾಯಿ ಹಲಸಿನ ಮರದ ಕೆಳಗೆ ನಿಂತು ನನ್ನನ್ನೇ ಕರೆಯುತ್ತಿದ್ದ. ನಾನು ಅಡುಗೆಮನೆಯಲ್ಲಿ ಅವನ ಮೌನವನ್ನು ಹೊಗಳುತ್ತಿದ್ದೆ.

ಮರುದಿನ ಬೆಳಿಗ್ಗೆ ಮೊದಲ ಬೊಗಳು ಕೇಳಿಸಿದ್ದೇ ಕೈಯಲ್ಲಿದ್ದ ಸೌಟು ಹಿಡಿದೇ ಓಡಿದೆ. ಕೊಂಬೆಯಲ್ಲಿ ಒಂದು ಕೆಂಬೂತ ಕೂತಿತ್ತು. ತಲೆಯೆತ್ತಿ ನೋಡಿ, "ಯೆಸ್ ಡಿಯರ್, ಐ ಸೀ ಇಟ್" ಎಂದು ಅವನ ತಲೆ ತಟ್ಟಿದೆ. ರೂಫಸ್ ಬಾಯಿ ಮುಚ್ಚಿದ, ಮೈ ಕೊಡವಿದ, ಹೋಗಿ ನೀರು ಕುಡಿದು ಮಲಗಿದ. ಕಾಂಪೌಂಡಿನಾಚೆ ಯೋಗದ ಚಾಪೆ ಹಿಡಿದು ನಿಂತಿದ್ದ ಪಿಳ್ಳೆ ಸಾರ್, ಇಷ್ಟೇನಾ ಎಂದು ತಮ್ಮ ಮಲಯಾಳದಲ್ಲೇ ಕೇಳಿದರು: "ಅತ್ರೇ ಉಳ್ಳೋ?"

"ಇಷ್ಟೇ ಸಾರ್," ಎಂದೆ. ಭಾನುವಾರದವರೆಗೂ ಪರೀಕ್ಷೆ ಮಾಡಿ ನೋಡಿ, ಅವರೇ ನೋಟಿಸ್ ವಾಪಸ್ ಒಯ್ದರು. ಅಂದು ಮಧ್ಯಾಹ್ನ ನಾನೂ ರೂಫಸ್ಸೂ ಒಂದೇ ಫ್ಯಾನಿನಡಿ ನೆಮ್ಮದಿಯಿಂದ ನಿದ್ದೆ ಹೊಡೆದೆವು.

ಈಗ ಯಂತ್ರ ಕಿವಿಯಲ್ಲೇ ಇರುತ್ತದೆ. ಲೋಕದಲ್ಲಿ ಇಷ್ಟು ಸದ್ದು ಇದೆಯೆಂಬುದು ಮರೆತೇ ಹೋಗಿತ್ತು. ಮೊನ್ನೆ ಮೀನಿನವನು, ಕರೆಂಟು, ಹೊಸ ಮಿಕ್ಸಿ ಎಂದು ನಾನು ಅರ್ಧ ಗಂಟೆ ಗೊಣಗುತ್ತಿದ್ದಾಗ ನಮ್ಮವರು ಪೇಪರ್ ಮಡಚಿಟ್ಟು ಎದ್ದು ಬಂದರು. ಮಿಕ್ಸಿಯನ್ನು ಗಂಭೀರವಾಗಿ ನೋಡಿ, "ಯೆಸ್ ಡಿಯರ್, ಐ ಸೀ ಇಟ್" ಎಂದು ನನ್ನ ತಲೆ ತಟ್ಟಿದರು.

ಸಿಟ್ಟು ಬರಬೇಕಿತ್ತು. ನಾನು ಸುಮ್ಮನಾಗಿ, ಹೋಗಿ ಒಂದು ಲೋಟ ನೀರು ಕುಡಿದೆ.