ಮೊಣಕಾಲಿನ ಮೊಕದ್ದಮೆ

ಮನೆ ಮಾಲೀಕ ಎಂಬ ಮಾತು ಕೇಳುವುದಕ್ಕೆ ಬಹಳ ದೊಡ್ಡದು. ಬಾಡಿಗೆಗೆ ಕೊಟ್ಟಿರುವುದು ಎರಡು ಕೋಣೆ, ಒಂದು ಅಡುಗೆಮನೆಯೇ ಆದರೂ ಜನ ನಮ್ಮನ್ನು ಸ್ವಲ್ಪ ಕ್ರೂರಿಗಳೆಂದೇ ಲೆಕ್ಕ ಹಿಡಿಯುತ್ತಾರೆ. ನಾನು ಕ್ರೂರಿಯಲ್ಲ, ಕ್ರೌರ್ಯಕ್ಕೆ ಬೇಕಾದ ಶಿಸ್ತು ನನ್ನಲ್ಲಿಲ್ಲ. ಆದರೂ ಹೋದ ವರ್ಷ ನನ್ನ ಬಾಡಿಗೆದಾರನ ಮೇಲೆ ಕೇಸು ಹಾಕಿ ಬೀದರಿನ ಕೋರ್ಟಿನ ಮೆಟ್ಟಿಲು ಹತ್ತಿದೆ. ಕಾರಣ, ನನ್ನ ಹೆಂಡತಿ ಮಹಾದೇವಿಯ ಮೊಣಕಾಲು.

ನಾವು ಮಹಡಿಯ ಮೇಲಿದ್ದೆವು. ಕೆಳಗಿನ ಮನೆಯಲ್ಲಿ ಝರೆಪ್ಪ, ಅವನ ಹೆಂಡತಿ ಕಸ್ತೂರಬಾಯಿ, ಇಬ್ಬರು ಮಕ್ಕಳು. ಝರೆಪ್ಪ ಔರಾದ ಕಡೆಯ ಚಿಂತಾಕಿಯವನು, ಬೀದರಿನ ಹತ್ತಿರದ ಕೊಳಾರದ ಒಂದು ಗೋದಾಮಿನಲ್ಲಿ ಕೆಲಸ. ಮಹಾದೇವಿಗೆ ಮೆಟ್ಟಿಲು ಹತ್ತಿಳಿಯುವುದು ಕಷ್ಟವಾದಾಗ, ಕೆಳಗಿನ ಮನೆ ನಮಗೆ ಬೇಕು, ಖಾಲಿ ಮಾಡು ಎಂದೆ. "ಮಕ್ಕಳ ಸಾಲಿ ಇಲ್ಲೇ ಬಾಜೂಕ ಅದರಿ ಸರ್. ಈಗ ಎಲ್ಲಿಗಿ ಹೋಗ್ಲಿ?" ಎಂದ. ಆ ಪ್ರಶ್ನೆಗೆ ಉತ್ತರ ಹುಡುಕುವ ಬದಲು ನಾನು ವಕೀಲರನ್ನು ಹುಡುಕಿದೆ.

ನನ್ನ ಆಫೀಸು ಭಾಲ್ಕಿಯಲ್ಲಿ. ದಿನಾ ಬಸ್ಸಿನಲ್ಲಿ ಜೊತೆಯಾಗುತ್ತಿದ್ದ ವಕೀಲರೊಬ್ಬರು ಕೇಸು ಹಿಡಿದರು. "ನೋಡ್ರಿ, ಅಮ್ಮಾರ ಮೊಣಕಾಲೇ ನಮ್ಮ ಕೇಸು. ವಿಚಾರಣಿ ಮುಗಿಯೋತನ ಅದು ನೋಯಬೇಕು. ಕೆಳಗಿನವರ ಕೂಡ ಮಾತುಕತಿ ಪೂರಾ ಬಂದ್," ಎಂದರು.

ಅಂದಿನಿಂದ ಝರೆಪ್ಪ ಕಂಡರೆ ನಾನು ಆಕಾಶ ನೋಡುತ್ತಾ ನಡೆಯತೊಡಗಿದೆ. ಅವನು ಮಾತ್ರ, "ನಮಸ್ಕಾರ್ರಿ ಸರ್, ಮುಂದಿನ ತಾರೀಖ ಯಾವಾಗದರಿ?" ಎನ್ನುತ್ತಿದ್ದ. ಅವನ ವಕೀಲ ಫೋನು ಎತ್ತುತ್ತಿರಲಿಲ್ಲವಂತೆ. ನಾನು ಮೋಡಗಳಿಗೆ ತಾರೀಖು ತಿಳಿಸಿ ಮುಂದೆ ಹೋಗುತ್ತಿದ್ದೆ.

ಒಂದು ಸಂಜೆ ಭಾಲ್ಕಿಯಿಂದ ಬಂದು ನೋಡುತ್ತೇನೆ, ಮಹಾದೇವಿ ಕಾಲು ಚಾಚಿ ಕೂತಿದ್ದಾಳೆ. ಕಸ್ತೂರಬಾಯಿ ಬಿಸಿ ಎಣ್ಣೆ ಹಚ್ಚಿ ಮೊಣಕಾಲು ತಿಕ್ಕುತ್ತಿದ್ದಾಳೆ. "ಭಾಳ ಹಗುರ ಆಗ್ಯದ ನೋಡು ಕಸ್ತೂರಾ. ಮುಂಜಾನಿ ಕೆಳಗ ಇಳಿದು ಬಂದೆ," ಎಂದಳು ಮಹಾದೇವಿ. ನನಗೆ ವಕೀಲರ ಮಾತು ನೆನಪಾಯಿತು. ಹೀಗೇ ಗುಣವಾಗುತ್ತ ಹೋದರೆ ಕೇಸಿನ ಗತಿಯೇನು?

ಕಸ್ತೂರಬಾಯಿ ಇಳಿದು ಹೋದ ಮೇಲೆ, "ಆಕಿ ಎದುರು ಪಾರ್ಟಿ," ಎಂದೆ.

"ಪಾರ್ಟಿ ನೀವು. ಆಕಿ ಎಣ್ಣಿ ಹಚ್ಚಾಕಿ."

"ಆಯ್ತು, ಕೋರ್ಟಿನ್ಯಾಗ ಮೊಣಕಾಲು ನೋಯ್ತದೇನು ಅಂತ ಕೇಳ್ತಾರ. ಏನಂತಿ?"

"ಎಣ್ಣಿ ಹಚ್ಚಿದ ದಿನ ಕಮ್ಮಿ ಇರ್ತದ ಅಂತೀನಿ."

"ಸುಳ್ಳು ಹೇಳು ಅಂತ ನಾ ಅನ್ನಲ್ಲ. ಆದ್ರ ಇಷ್ಟೊಂದು ಖರೇ ಯಾಕ ಬೇಕು?"

ಅವಳು ಎಣ್ಣೆಯ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ತಾಲೀಮು ಅಲ್ಲಿಗೇ ಮುಗಿಯಿತು.

ವಿಚಾರಣೆ ಇದ್ದದ್ದು ಕೋರ್ಟಿನ ಮೇಲಿನ ಮಹಡಿಯಲ್ಲಿ. ನಾನು ವಕೀಲರ ಹಿಂದೆ ಅವಸರದಿಂದ ಹತ್ತಿ, ತಿರುಗಿ ನೋಡಿದರೆ ಮಹಾದೇವಿ ಅರ್ಧ ಮೆಟ್ಟಿಲಲ್ಲೇ ಕಂಬಿ ಹಿಡಿದು ನಿಂತಿದ್ದಾಳೆ. ಅವಳ ಸೊಂಟಕ್ಕೆ ಕೈ ಕೊಟ್ಟವಳು ಕಸ್ತೂರಬಾಯಿ. "ಹಗೂರ ಬರ್ರಿ ಅಕ್ಕಾ, ಗಡಿಬಿಡಿ ಏನದ," ಎನ್ನುತ್ತಿದ್ದಳು. ಇಬ್ಬರೂ ಹಾಗೆಯೇ ಒಬ್ಬರನ್ನೊಬ್ಬರು ಹಿಡಿದುಕೊಂಡು ಒಳಗೆ ಬಂದರು. ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿದರು.

ಝರೆಪ್ಪನ ವಕೀಲ ಎದ್ದು, ಮೊಣಕಾಲು ನೋವೆಂಬುದು ಬರೀ ನೆಪ ಎಂದು ವಾದ ಶುರು ಮಾಡಿದ. ಹಿಂದಿನ ಬೆಂಚಿನಿಂದ ಕಸ್ತೂರಬಾಯಿ ತಟ್ಟನೆ ಎದ್ದು ನಿಂತಳು. "ನೆಪ ಅಲ್ರಿ ಸಾಹೇಬ್ರ. ರಾತ್ರಿ ಅಕ್ಕಾರು ನೋವು ತಡೀಲಾರದ ಅಳ್ತಾರ. ನಮಗ ಕೆಳಗ ಕೇಳಿಸ್ತದ."

ಅವಳ ವಕೀಲ ತಲೆಯ ಮೇಲೆ ಕೈಯಿಟ್ಟುಕೊಂಡ. ನಮ್ಮ ವಕೀಲರು ನನ್ನ ಕಡೆ ನೋಡಿ ನಕ್ಕರು. ನನಗೆ ನಗಲಾಗಲಿಲ್ಲ. ಕೆಳಗಿನ ಮನೆಗೆ ಕೇಳಿಸುತ್ತಿದ್ದ ಅಳು ಪಕ್ಕದಲ್ಲೇ ಮಲಗುವ ನನಗೆ ಕೇಳಿಸಿರಲಿಲ್ಲ. ನಾನು ಗೊರಕೆ ಹೊಡೆಯುವವನು.

"ನೀವು ಕೆಳಗೆ ಬಂದರೆ ಮೇಲಿನ ಮನೆ ಏನು ಮಾಡುತ್ತೀರಿ?" ಎಂದು ನ್ಯಾಯಾಧೀಶರು ಕೇಳಿದರು.

ಅಲ್ಲಿ ಕಿಟಕಿಯ ಹತ್ತಿರ ಒಂದು ಮೇಜು, ಸುತ್ತ ಪುಸ್ತಕ, ನಡುವೆ ಗಂಭೀರನಾದ ನಾನು. ಈ ಚಿತ್ರ ಬಹಳ ದಿನಗಳಿಂದ ನನ್ನ ಮನಸ್ಸಿನಲ್ಲಿತ್ತು. "ಓದಲಿಕ್ಕೆ, ಬರೆಯಲಿಕ್ಕೆ..." ಎಂದೆ.

"ಇವರು ಪೇಪರ್ ಮುಖದ ಮ್ಯಾಲ ಹಾಕ್ಕೊಂಡು ಮಲಗ್ತಾರ್ರಿ," ಎಂದಳು ಮಹಾದೇವಿ.

ಹೊರಗೆ ಕೂತು ಮಾತಾಡಿಕೊಂಡು ಬನ್ನಿ ಎಂದು ನ್ಯಾಯಾಧೀಶರು ನಮ್ಮೆಲ್ಲರನ್ನೂ ಕಳಿಸಿದರು. ಹೊರಗೆ ಬಂದು ಝರೆಪ್ಪನಿಗೆ, ನಾವು ಕೆಳಗೆ ಬರುತ್ತೇವೆ, ಮೇಲಿನ ಮನೆ ಬಾಡಿಗೆಗೆ ನೀನು ತಗೋ ಎಂದೆ. ಝರೆಪ್ಪ ನನ್ನ ಮುಖವನ್ನೇ ನೋಡಿದ. "ಇದೇ ಮಾತು ಮೊದಲೇ ಅಂದಿದ್ರ ಇಲ್ಲಿತನಕ ಯಾಕ ಬರ್ತಿದ್ವಿರಿ ಸರ್?" ಈ ಸಲ ಆಕಾಶ ನೋಡೋಣವೆಂದರೆ ಮೇಲೆ ವರಾಂಡದ ಛಾವಣಿಯಿತ್ತು.

ಭಾನುವಾರ ಮನೆ ಬದಲಿಸಿದೆವು. ಕೆಳಗಿನ ಸಾಮಾನು ಮೇಲೆ ಹೋಗಬೇಕಾದರೆ ಮೇಲಿನದು ಮೊದಲು ಹೊರಗೆ ಬರಬೇಕಲ್ಲ? ನಮ್ಮ ಮಂಚ, ಅಲಮಾರಿ, ಡಬ್ಬಿಗಳೆಲ್ಲ ಅಂಗಳಕ್ಕೆ ಬಂದವು. ಭಾರವಾದದ್ದನ್ನೆಲ್ಲ ಝರೆಪ್ಪನೇ ಇಳಿಸಿದ. ಕೊನೆಗೆ ನಾನು ಕೈಯಲ್ಲಿ ಒಂದು ಕಸಬರಿಗೆ ಹಿಡಿದು ಬರಿದಾದ ಕೋಣೆಯಲ್ಲಿ ನಿಂತಿದ್ದಾಗ ಅವನು ಬಾಗಿಲಲ್ಲಿ ಬಂದು ನಿಂತು, ಬಹಳ ಮರ್ಯಾದೆಯಿಂದ ಕೇಳಿದ: "ಸರ್, ಮನಿ ಖಾಲಿ ಮಾಡಿದ್ರೇನ್ರಿ?"

"ಮಾಡಿದೆನಪ್ಪ," ಎಂದು ಹೊರಗೆ ಬಂದೆ.