ಖಾಲಿ ಇದ್ದರೂ ಮನೆ ಮನೆಯೇ

ಮಕ್ಕಳಿಗೆ ದಿಕ್ಕು ದೆಸೆ ಕಲಿಸುವುದು ನೀರು ಕುಡಿದಷ್ಟು ಸುಲಭ ಎಂದು ನಾನು ದೃಢವಾಗಿ ನಂಬಿದ್ದ ಕಾಲವೊಂದಿತ್ತು. ಆಗಷ್ಟೇ ನಾವು ರಾಜಾಜಿನಗರಕ್ಕೆ ಬಂದಿದ್ದೆವು. ಬಡಾವಣೆಯೂ ಹೊಸದು. ಒಂದು ಮನೆ ಎದ್ದಿದ್ದರೆ ಪಕ್ಕದ ಎರಡು ಸೈಟು ಖಾಲಿ. ಎದ್ದ ಮನೆಗಳೂ ಎಲ್ಲ ಒಂದೇ ಅಚ್ಚಿನವು. ನನ್ನ ಐದು ವರ್ಷದ ಮಗಳು ಪುಟ್ಟಿ ಒಂದು ಮಧ್ಯಾಹ್ನ ನಮ್ಮ ಮನೆಯೆಂದುಕೊಂಡು ಯಾರದೋ ಮನೆ ಹೊಕ್ಕು, ಹುಳಿಯನ್ನ ಉಂಡು, ಒಂದು ನಿದ್ದೆಯನ್ನೂ ತೆಗೆದು ಬಂದಿದ್ದಳು. ಬಲಗೈ ಯಾವುದು ಎಂದು ಕೇಳಿದರೆ ಎರಡೂ ಕೈ ಎತ್ತುತ್ತಿದ್ದಳು!

"ಯೋಚನೆ ಬಿಡು. ಚದುರಂಗ ಹೇಳಿಕೊಡ್ತೀನಿ. ಹದಿನೈದೇ ದಿನ!" ಎಂದೆ ಹೆಂಡತಿ ಸರೋಜಳಿಗೆ.

"ಅಡುಗೆಮನೇಲಿ ಉಪ್ಪಿನ ಭರಣಿ ಎಲ್ಲಿದೆ ಅಂತ ನಿಮಗೇ ಗೊತ್ತಿಲ್ಲ" ಎಂದಳು.

ವಿದ್ಯಾಭ್ಯಾಸ ವಿಧ್ಯುಕ್ತವಾಗಿ ಪ್ರಾರಂಭವಾಯಿತು. ಆನೆ ನೇರ ಹೋಗುತ್ತೆ, ಒಂಟೆ ಓರೆ. ಕಾಲಾಳು ಮುಂದಕ್ಕೆ ಮಾತ್ರ, ಹಿಂದಕ್ಕೆ ಬರುವ ಹಾಗಿಲ್ಲ. ಪುಟ್ಟಿಯದು ಒಂದೇ ತಕರಾರು. ಕಾಯಿ ಇಲ್ಲದ ಚೌಕವನ್ನು ಅವಳು ಎಣಿಸುತ್ತಲೇ ಇರಲಿಲ್ಲ. "ಅಲ್ಲಿ ಯಾರೂ ಇಲ್ವಲ್ಲಪ್ಪ, ಅದು ಹೆಂಗೆ ಮನೆ?"

"ಖಾಲಿ ಇದ್ದರೂ ಮನೆ ಮನೆಯೇ ಕಣೇ!" ಎಂದು ಮೂರು ದಿನ ಗಂಟಲು ಹರಿದುಕೊಂಡೆ. ನಾಲ್ಕನೆಯ ದಿನ ಒಪ್ಪಿಕೊಂಡಳು, ಎಡ ಬಲವನ್ನೂ ಕಲಿತಳು. ನನ್ನ ಎದೆ ಉಬ್ಬಿತು.

ಒಂದು ಸಂಜೆ ಬೆಕ್ಕು ಮೊಸರಿನ ಪಾತ್ರೆಯನ್ನು ನೆಕ್ಕಿ ಬಳಿದುಬಿಟ್ಟಿತ್ತು. ಹೆಪ್ಪು ಹಾಕಲು ಒಂದು ಚಮಚವೂ ಉಳಿದಿರಲಿಲ್ಲ. ದೀಪ ಹಚ್ಚಿದ ಮೇಲೆ ಯಾವ ಮನೆಯಲ್ಲೂ ಹೆಪ್ಪು ಕೊಡುವುದಿಲ್ಲ. ಸರೋಜ ಬಟ್ಟಲು ಹಿಡಿದು ಅವಸರದಲ್ಲಿ ಪರಿಚಯದ ಪದ್ಮಕ್ಕನ ಮನೆಗೆ ಹೊರಟಳು. ನಾನು ಅಡ್ಡ ನಿಂತೆ.

"ಪುಟ್ಟಿ ಹೋಗ್ತಾಳೆ! ನೋಡು ಮಗಳೇ, ಈಗ ನೀನು ಕಾಲಾಳು. ನೇರ ಹತ್ತು ಮನೆ ಹೋಗು. ಅಲ್ಲಿಂದ ಬಲಕ್ಕೆ ಎರಡನೇ ಮನೇನೇ ಪದ್ಮತ್ತೆ ಮನೆ."

"ರೀ, ಇನ್ನೂ ಮಗು ಕಣ್ರೀ."

"ವಿದ್ಯೆ ಅಂದ ಮೇಲೆ ಪರೀಕ್ಷೆ ಬೇಡ್ವೇ?"

ಅರ್ಧ ಗಂಟೆಯಾಯಿತು. ಪುಟ್ಟಿ ಬರಲಿಲ್ಲ. ಪದ್ಮಕ್ಕನ ಮನೆಗೆ ಓಡಿದೆ.

"ಪುಟ್ಟೀನಾ? ಇಲ್ಲಿಗೆ ಬರ್ಲೇ ಇಲ್ವಲ್ಲ!"

ಪುಟ್ಟಿಯ ಹೆಸರು ಕೂಗುತ್ತಾ ಬೀದಿಗಿಳಿದೆ. ಅಷ್ಟರಲ್ಲಿ ರಂಗಪ್ಪ ಎಮ್ಮೆ ಹೊಡೆದುಕೊಂಡು ಬಂದ. ಈ ಬಡಾವಣೆಯೆಲ್ಲ ಮೊದಲು ಅವನ ಮನೆತನದ ರಾಗಿ ಹೊಲ. "ಅಯ್ಯೋ ಸ್ವಾಮಿ, ಆ ಕಡೆ ನಮ್ಮ ಹಳೇ ಬಾವಿ ಐತೆ. ಕಟ್ಟೆನೂ ಇಲ್ಲ ಅದಕ್ಕೆ" ಎಂದುಬಿಟ್ಟ.

ಹೇಗೆ ಓಡಿದೆನೋ ದೇವರಿಗೇ ಗೊತ್ತು. ಬಾವಿಯೊಳಗೆ ಬಗ್ಗಿ ನೋಡಲು ಧೈರ್ಯವಾಗದೆ ಕಣ್ಣು ಮುಚ್ಚಿ ನಿಂತೆ. ನನ್ನ ಹಿಂದೆಯೇ ಬಂದ ರಂಗಪ್ಪನೇ ಬಗ್ಗಿದ. "ಪಾಚಿ ಕದಲಿಲ್ಲ ಸ್ವಾಮಿ. ಮಗು ಇಲ್ಲಿ ಬಿದ್ದಿಲ್ಲ." ಕೂತು ಅತ್ತುಬಿಟ್ಟೆ. ತಂದೆಯಂತೆ ತಂದೆ! ನನ್ನ ಜಂಬಕ್ಕೆ ಮಗುವನ್ನು ಕಳೆದುಕೊಂಡೆನಲ್ಲ.

ಸರೋಜಳಿಗೆ ತಿಳಿಸಲು ಮನೆಗೆ ಓಡಿ ಬಾಗಿಲು ಬಡಿದೆ. ದಪ್ಪ ಮೀಸೆಯವರೊಬ್ಬರು ಬಾಗಿಲು ತೆಗೆದರು.

"ಸರೋಜ ಎಲ್ಲಿ?" ಎಂದೆ.

"ಯಾರ್ರೀ ಸರೋಜ?" ಎಂದು ಅಂಗಿಯ ತೋಳು ಏರಿಸಿದರು.

ನಮ್ಮ ಮನೆಯಲ್ಲ! ಮುಂದಿನ ಬೀದಿಗೆ ಓಡಿ ಇನ್ನೊಂದು ಬಾಗಿಲು ಬಡಿದೆ. ಒಳಗಿನಿಂದ ಅಜ್ಜಿಯೊಬ್ಬರು, "ಈಗ ಏನೂ ಇಲ್ಲ, ಮುಂದಕ್ಕೆ ಹೋಗಪ್ಪ" ಎಂದರು. ಕತ್ತಲಾಗುತ್ತಿತ್ತು. ಎಲ್ಲ ಮನೆಗಳೂ ನಮ್ಮದರಂತೆಯೇ ಇದ್ದವು.

"ಅಪ್ಪಾ!"

ಖಾಲಿ ಸೈಟೊಂದರ ನಡುವೆ, ಗಡಿ ಕಲ್ಲುಗಳೊಳಗೆ, ಪುಟ್ಟಿ ಬಟ್ಟಲು ಹಿಡಿದು ನಿಂತಿದ್ದಳು. ಬಾಚಿ ತಬ್ಬಿಕೊಂಡೆ.

"ಇಲ್ಲೇನು ಮಾಡ್ತಿದೀಯೇ?"

"ಎಣಿಸ್ಕೊಂಡೇ ಬಂದೆ. ಇದೇ ಮನೆ. ಪದ್ಮತ್ತೆ ಇನ್ನೂ ಬಂದಿಲ್ಲ."

ಎದ್ದು ನಿಂತ ಮನೆಗಳನ್ನಷ್ಟೇ ನಾನು ಎಣಿಸಿ ಹೇಳಿದ್ದೆ. ಅವಳು ನಾನು ಕಲಿಸಿದ ಪಾಠದಂತೆ ಒಂದು ಖಾಲಿ ಸೈಟನ್ನೂ ಬಿಡದೆ ಎಣಿಸಿದ್ದಳು.

"ಯಾರೂ ಇಲ್ದಿದ್ರೆ ವಾಪಸ್ ಬರಬಾರದಾಗಿತ್ತಾ?"

"ಕಾಲಾಳು ಹಿಂದಕ್ಕೆ ಬರೋ ಹಾಗಿಲ್ಲ ಅಂತ ನೀನೇ ಹೇಳಿದ್ದಲ್ಲ!"

"ಸರಿ, ನಡಿ" ಎಂದು ಗಂಭೀರವಾಗಿ ಹೊರಟೆ. ಪುಟ್ಟಿ ನನ್ನ ಪಂಚೆ ಜಗ್ಗಿದಳು.

"ಆ ಕಡೆ ಅಲ್ಲಪ್ಪ. ನಮ್ಮನೆ ಎಡಕ್ಕೆ."

ಉಣ್ಣುವ ಕೈ ಯಾವುದೆಂದು ಒಮ್ಮೆ ನೋಡಿಕೊಂಡು ನಾನೂ ಎಡಕ್ಕೆ ತಿರುಗಿದೆ. ಆರನೆಯ ಬಾಗಿಲಲ್ಲಿ ಸರೋಜ ಅಳುತ್ತಾ ನಿಂತಿದ್ದಳು. ಮಗುವನ್ನು ಕಿತ್ತುಕೊಂಡಳು.

ಮರುದಿನ ಬೆಳಿಗ್ಗೆ ಕ್ಷೌರಕ್ಕೆಂದು ಮೆಟ್ಟು ಮೆಟ್ಟಿಕೊಳ್ಳುತ್ತಿದ್ದೆ. ಒಳಗಿನಿಂದ ಸರೋಜಳ ದನಿ ಕೇಳಿಸಿತು.

"ಪುಟ್ಟೀ, ಅಪ್ಪ ಹೊರಗೆ ಹೊರಟಿದಾರೆ. ನೀನೂ ಜೊತೆಗೆ ಹೋಗು. ಕೈ ಮಾತ್ರ ಬಿಡಬೇಡ ಕಣೇ!"