ಎಣ್ಣೆ ಪಂಪು ಕಿತ್ತ ದೋಣಿ

ನಂಬುವುದಿಲ್ಲ ಅಂತೀರಾ? ಹಾಗಾದರೆ ಈಗಲೇ ಎದ್ದು ಹೋಗ್ರಿ, ವಾಡಿ ಜಂಕ್ಷನ್ನಿನಿಂದ ಎಲ್ಲಾ ದಿಕ್ಕಿಗೂ ಗಾಡಿ ಸಿಗುತ್ತವೆ. ಕುಂತವರು ಮಾತ್ರ ಕೇಳ್ರಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಲ್ಲಾ ಕೂಡಿಸಿದರೂ ಆ ಕಾಲದಲ್ಲಿ ದೋಣಿಯ ಮೋಟರು ಬಿಚ್ಚಿದ ಮೆಕ್ಯಾನಿಕ್ ಒಬ್ಬನೇ ಇದ್ದ. ತೆಂಗಳಿಯ ಹುಡುಗ. ನಾನೇ. ಬೆಲ್ಲ ಇದ್ದಲ್ಲಿ ನೊಣ ಬರುವ ಹಾಗೆ, ಕೈಯಲ್ಲಿ ಕಸುಬಿನ ಹುನ್ನರ ಇದ್ದವನ ಹಿಂದೆ ಇಂಥ ಪ್ರಸಂಗಗಳು ಬರುತ್ತಲೇ ಇರುತ್ತವೆ.

ಕೌದಿಯೊಳಗಿನ ಮೋಟರು

ಎರಡು ಸಾವಿರದ ಇಸವಿಯ ಆಜುಬಾಜು. ವಾಡಿಯಲ್ಲಿ ಉಸ್ತಾದನ ಸ್ಕೂಟರ್ ಗ್ಯಾರೇಜಿನಲ್ಲಿ ನಾನು ಕೆಲಸಕ್ಕಿದ್ದೆ. ಚಿಂಚೋಳಿ ಕಡೆಯ ಡ್ಯಾಮಿನಲ್ಲಿ ಮೀನು ಹಿಡಿಯುವ ಗುತ್ತಿಗೆ ತಗೊಂಡಿದ್ದ ಗುತ್ತೇದಾರರು ಒಂದು ದಿನ ಜೀಪಿನಿಂದ ಏನನ್ನೋ ಕೌದಿಯಲ್ಲಿ ಸುತ್ತಿ, ಬಾಣಂತಿಯನ್ನು ಇಳಿಸಿದ ಹಾಗೆ ಇಳಿಸಿದರು. ಬಿಚ್ಚಿದರೆ, ದೋಣಿಯ ಹಿಂದೆ ತೂಗಿಹಾಕುವ ಮೋಟರು. ಹೈದ್ರಾಬಾದಿನಲ್ಲಿ ಕೊಂಡ ಹಳೇ ಮಾಲು.

"ಇದಕ್ಕ ಎಣ್ಣಿ ಡಬ್ಬಿ ಬ್ಯಾರೆ, ಪೆಟ್ರೋಲ್ ಬ್ಯಾರೆ. ಒಳಗಿನ ಪಂಪ್ ತಾನೇ ಎಣ್ಣಿ ಕುಡಸ್ತದಂತ. ಆ ಪಂಪೇ ಸತ್ತದ, ಹೊಸಾದು ಎಲ್ಲೂ ಸಿಗವಲ್ದು" ಅಂದರು ಗುತ್ತೇದಾರರು.

"ಎಣ್ಣಿ ಸಿಗಲಿಲ್ಲಂದ್ರ ಪಿಸ್ಟನ್ ಹಿಡಕೋತದ. ಖೇಲ್ ಖತಂ" ಅಂದ ಉಸ್ತಾದ.

ನಾನು ಎದೆ ಮುಂದೆ ಮಾಡಿದೆ. "ಪಂಪ್ ಕಿತ್ತಿ ಒಗಿಯೋಣ್ರೀ. ನಮ್ಮ ಸ್ಕೂಟರಿನಂಗ ಪೆಟ್ರೋಲಿನಾಗೇ ಎಣ್ಣಿ ಕೂಡಸಿ ಹಾಕೋಣ."

"ದೋಣಿ ಎಂದಾದ್ರೂ ನೋಡೀಯೇನೋ ಹೀರೋ?"

"ಅದರಾಗ ನೋಡೋದೇನದ ಉಸ್ತಾದ? ಸ್ಕೂಟರ್ ನೀರಿಗಿಳದ್ರ ದೋಣಿ!"

ಗುತ್ತೇದಾರರು ಬಿದ್ದು ಬಿದ್ದು ನಕ್ಕರು. "ಮೀನುಗಾರಿಕಿ ಸಾಹೇಬ್ರು ದೋಣಿ ನೋಡಾಕ ಬರ್ತಾರ. ಅವರನ್ನ ಕುಂದ್ರಿಸ್ಕೊಂಡು ಒಂದು ಸುತ್ತು ಹೊಡದು ತೋರಸು. ಆಮ್ಯಾಲೆ ನನ್ನ ದೋಣಿ ನಡಸಾಂವ ನೀನೇ."

ಅಂದಿನಿಂದ ನನ್ನ ಕಣ್ಣಿಗೆ ನಟ್ಟು ಬೋಲ್ಟು ಕಾಣದಾದವು. ಬರೀ ನೀರು. ಬಿಳಿ ಅಂಗಿ ತೊಟ್ಟ ನಾನು ಮೋಟರಿನ ಹಿಡಿ ಹಿಡಿದು ಕುಂತಿದ್ದೇನೆ, ಹಿಂದೆ ನೀರಿನ ಮೇಲೆ ಬೆಳ್ಳನೆ ಗೆರೆ ಬಿಚ್ಚಿಕೊಳ್ಳುತ್ತಿದೆ, ಕೊಕ್ಕರೆಗಳು ಸರಿದು ದಾರಿ ಕೊಡುತ್ತಿವೆ. ವಾಡಿಯ ಫ್ಯಾಕ್ಟರಿ ಧೂಳಿಗೆ ಬಿಳಿ ಅಂಗಿ ಸಂಜೆಗೆ ಸಿಮೆಂಟಿನ ಬಣ್ಣ; ಕನಸಿನಲ್ಲಿ ಧೂಳೇ ಇಲ್ಲ. ಆ ಗುಂಗಿನಲ್ಲೇ ಮಾಸ್ತರರೊಬ್ಬರ ಸ್ಕೂಟರಿಗೆ ಹಿಂದಿನ ಗಾಲಿ ಹಾಕದೆ ಕೀಲಿಕೈ ಕೊಟ್ಟೆ. ಅವರು ಮೇಲೆ ಕುಂತು ಕೇಳಿದರು: "ಯಾಕಪಾ, ಇದು ಹಿಂದಕ್ಕ ಕುಸೀಲಿಕತ್ತದ?"

"ದೋಣಿ ಹಂಗೇ ಇರ್ತದ್ರೀ ಸರ್" ಅಂದೆ.

ಅವ್ವನ ಮುಚ್ಚಳ

ಪಂಪು ಕೀಳುವುದು ಸುಲಭ. ಅದು ಕುಂತಿದ್ದ ಜಾಗದಲ್ಲಿ ತೂತು ಉಳಿಯುತ್ತದಲ್ಲ, ಅದಕ್ಕೊಂದು ದಪ್ಪ ತಗಡು ಬೇಕು. ವಾಡಿಯಲ್ಲಿ ಸಿಕ್ಕ ತಗಡೆಲ್ಲ ತೆಳು. ತೆಂಗಳಿಗೆ ಹೋದಾಗ ಅವ್ವ ಬ್ಯಾಳಿ ಬೇಯಿಸುವ ಪಾತೇಲಿಯ ಜರ್ಮನ್ ಅಲ್ಯೂಮಿನಿಯಂ ಮುಚ್ಚಳ ಕಣ್ಣಿಗೆ ಬಿತ್ತು. ಅಜ್ಜಿಯ ಕಾಲದ್ದು, ಒಳ್ಳೇ ದಪ್ಪ. ಅವ್ವ ಹೊಲಕ್ಕೆ ಹೋದಾಗ ನಡುವೆ ಒಂದು ತುಂಡು ಕತ್ತರಿಸಿಕೊಂಡೆ.

"ಏ ಬಾಡ್ಯಾ! ನಿನ್ನ ದೋಣಿ ತೂತಾದ್ರ ನನ್ನ ಮುಚ್ಚಳ ಕೊಯ್ಯಬೇಕೇನೋ?"

"ದೋಣಿಗಲ್ಲಬೇ, ಮೋಟರಿಗಿ."

ಅವ್ವ ಬೈಯುತ್ತಲೇ ಒಲೆ ಮೇಲೆ ಬ್ಯಾಳಿ ಇಟ್ಟಳು. ಆ ತೂತಿನಿಂದ ಉಗಿ ಸಣ್ಣಗೆ, ನೆಟ್ಟಗೆ, ಊದಿನಕಡ್ಡಿಯ ಹೊಗೆಯಂತೆ ಏಳತೊಡಗಿತು. ನಾನು ಅದನ್ನೇ ನೋಡುತ್ತ ಮತ್ತೆ ಡ್ಯಾಮಿಗೆ ಹೋಗಿಬಿಟ್ಟೆ. ಬ್ಯಾಳಿ ಮಾತ್ರ ಅವತ್ತು ಒಂದು ಹನಿಯೂ ಉಕ್ಕಲಿಲ್ಲ. ಅದನ್ನು ಕಂಡು ಅವ್ವನ ಬೈಗಳೂ ಅರ್ಧಕ್ಕೇ ನಿಂತಿತು.

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಪಕ್ಕದ ಮನೆ ಕಾಕಿ, ಕೈಯಲ್ಲಿ ಮುಚ್ಚಳ. "ನಂದಕ್ಕೂ ಒಂದು ಮೋಟರ್ ತೂತ ಹೊಡದ ಕೊಡಪಾ!"

ಹೊತ್ತಿಗೆ ಮುಂಚಿನ ಭೋಂಗಾ

ಮೋಟರು ನೀರಿಲ್ಲದೆ ನಡೆಸಿದರೆ ಸುಟ್ಟುಹೋಗುತ್ತದೆ. ಅದಕ್ಕೇ ನಾನೂ ಉಸ್ತಾದನೂ ಅದನ್ನು ಶಹಾಬಾದದ ಹತ್ತಿರ ಬಿಟ್ಟುಹೋದ ಕಲ್ಲಿನ ಖಣಿಗೆ ಒಯ್ದೆವು. ಖಣಿ ತುಂಬ ಹಸಿರು ನೀರು, ನೀರಿನೊಳಗೆ ಆಕಾಶ ಮಲಗಿತ್ತು. ಡ್ರಮ್ಮಿನ ತೆಪ್ಪಕ್ಕೆ ಮೋಟರು ಕಟ್ಟಿ, ಎಣ್ಣೆ ಕೂಡಿಸಿದ ಪೆಟ್ರೋಲು ಕೊಟ್ಟು, ಹಗ್ಗ ಜಗ್ಗಿದೆ. ಶುರುವಾಯಿತು! ನೀಲಿ ಹೊಗೆ ನೀರಿನ ಮೇಲೆ ಮೆಲ್ಲಗೆ ಹಾಸಿಕೊಂಡಿತು. ನನಗೆ ಸ್ವರ್ಗ.

ಅಷ್ಟರಲ್ಲೇ ಭೋಂ ಅಂತ ಹಾರ್ನು. ಎಣ್ಣೆ ಡಬ್ಬಿ ಬರಿದಾದರೆ ಕೂಗಬೇಕು ಅಂತ ಕಂಪನಿಯವರು ಇಟ್ಟ ಹಾರ್ನು ಅದು. ಡಬ್ಬಿಯನ್ನೇ ಕಿತ್ತಿದ್ದೆ, ಹಾರ್ನಿನ ವಾಯರು ಕಿತ್ತಿರಲಿಲ್ಲ. ಕಲ್ಲಿನ ಗೋಡೆಗಳು ಆ ಸದ್ದನ್ನು ಎತ್ತಿ ಎತ್ತಿ ಕೊಟ್ಟವು. ಬಾಜೂ ಖಣಿಯಲ್ಲಿ ಟಕಟಕ ಸದ್ದು ನಿಂತಿತು. ಊಟದ ಹೊತ್ತಿಗೆ ಕೂಗುವ ಸೈರನ್ನು, ಅಂದರೆ ಭೋಂಗಾ, ಆಯಿತೆಂದು ಕಲ್ಲು ಒಡೆಯುವವರೆಲ್ಲ ಉಳಿ ಕೆಳಗಿಟ್ಟು ಬುತ್ತಿ ಬಿಚ್ಚಿದ್ದರು.

ಅವರ ಮೇಸ್ತ್ರಿ ಮುಕಾದಮ ಓಡಿ ಬಂದ. "ಯಾವಂವಲೇ ಭೋಂಗಾ ಹೊಡದಾಂವ? ಇನ್ನಾ ಬಿಸಲೇ ಏರಿಲ್ಲ!"

ಉಸ್ತಾದ ವಾಯರು ಕಿತ್ತ. ಸದ್ದಡಗಿತು. ಮುಕಾದಮ ತಿರುಗಿ ಕೂಗಿದ, "ಕಟ್ರೀ ಬುತ್ತಿ!"

"ಬಿಚ್ಚಿದ ರೊಟ್ಟಿ ತಿನ್ನದೆ ಕಟ್ಟಬಾರದ್ರೀ" ಅಂದಳು ಹಿರಿಯಳೊಬ್ಬಳು. ನಮ್ಮನ್ನೂ ಕರೆದು ಕೂಡ್ರಿಸಿದಳು. ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ಮುಕಾದಮನೂ ಕೊನೆಗೆ ಕುಂತ.

ಸಂಜೆ ಕೆಲಸ ಬಿಡುವ ಖರೇ ಭೋಂಗಾ ಆದಾಗ ಒಬ್ಬರೂ ಏಳಲಿಲ್ಲವಂತೆ. "ಅದೇ ಹುಡುಗ ಮತ್ತ ಬಂದಾನ" ಅಂತ ಕಲ್ಲು ಒಡೆಯುತ್ತಲೇ ಇದ್ದರಂತೆ.

ಎಣ್ಣೆ ಕೂಡಿಸಿದ್ದು

ಆ ದಿನ ಬಂತು. ಚಿಂಚೋಳಿಯ ಗುಡ್ಡಗಳು ನೀರಿನಲ್ಲಿ ತಲೆಕೆಳಗಾಗಿ ನಿಂತಿದ್ದವು. ನಾನು ಬಿಳಿ ಅಂಗಿ ತೊಟ್ಟಿದ್ದೆ. ದೋಣಿಯಲ್ಲಿ ಮುಂದೆ ಸಾಹೇಬರು, ನಡುವೆ ಗುತ್ತೇದಾರರು, ಹಿಂದೆ ಮೋಟರಿನ ಹಿಡಿ ಹಿಡಿದ ನಾನು. ಹಳೇ ದೋಣಿಯ ಮುದುಕ ಅಂಬಿಗ ಎರಡು ಹುಟ್ಟು ಮಡಿಲಲ್ಲಿಟ್ಟುಕೊಂಡು ದಂಡೆಯಿಂದ ನೋಡುತ್ತಿದ್ದ.

ಕನಸು ಕಂಡದ್ದೆಲ್ಲ ಖರೇ ಆಯಿತು. ಬೆಳ್ಳನೆ ಗೆರೆ, ಸರಿದ ಕೊಕ್ಕರೆ. ಸಾಹೇಬರು ಕಣ್ಣು ಮುಚ್ಚಿ, "ಭಾಳ ಛಂದ ಅದರೀ" ಅಂದರು. ನಾನು ಬೇಕೆಂದೇ ಇನ್ನೊಂದು ಸುತ್ತು ಹೊಡೆದೆ. ತಿರುಗಿ ಬರುವಾಗ, ದಂಡೆ ಇನ್ನೇನು ಹತ್ತಿರ ಅನ್ನುವಾಗ, ಪೆಟ್ರೋಲು ತೀರಿತು. ಚಿಂತೆಯಿಲ್ಲ, ಇನ್ನೊಂದು ಕ್ಯಾನು ಇತ್ತು. ಟಾಕಿಗೆ ಪೆಟ್ರೋಲು ಸುರಿದೆ, ಮೇಲೆ ಎಣ್ಣೆ ಸುರಿದೆ, ಬಿರಡೆ ಹಾಕಿದೆ.

ಈಗ ಒಂದು ಮಾತು. ನಮ್ಮ ಕಡೆ ಸ್ಕೂಟರಿಗೆ ಎಣ್ಣೆ ಹಾಕಿದವನು ಸುಮ್ಮನೆ ಹೊರಡುವುದಿಲ್ಲ. ಎಣ್ಣೆ ಕೂಡಲೆಂದು ಹ್ಯಾಂಡಲ್ ಹಿಡಿದು, ಗಾಡಿಯನ್ನು ಆ ಕಡೆ ಈ ಕಡೆ ಚೆನ್ನಾಗಿ ಅಲ್ಲಾಡಿಸಿಯೇ ಕಿಕ್ ಹೊಡೆಯುತ್ತಾನೆ. ದೋಣಿಯ ಟಾಕಿ ಕಾಲ ಬುಡದಲ್ಲೇ ಇತ್ತು. ಅದನ್ನಷ್ಟೇ ಎತ್ತಿ ಕುಲುಕಬಹುದಿತ್ತು. ಆದರೆ ಕೈಗೆ ರೂಢಿ ಅನ್ನುವುದೊಂದಿದೆಯಲ್ಲ! ಕಾಲು ಅಗಲಿಸಿ ನಿಂತೆ, ದೋಣಿಯ ಎರಡೂ ಅಂಚು ಹಿಡಿದೆ, ಅಲ್ಲಾಡಿಸತೊಡಗಿದೆ.

"ಏನ್ ಮಾಡಾಕತ್ತಿಯೋ?" ಅಂದರು ಸಾಹೇಬರು.

"ಎಣ್ಣಿ ಕೂಡಸಾಕತ್ತೀನ್ರೀ."

"ಹಾಂ, ಹಾಂ" ಅಂದರು ಸಾಹೇಬರು. ಅವರದೂ ಸ್ಕೂಟರೇ. ಗುತ್ತೇದಾರರೂ ಜೀಪಿಗೆ ಮುಂಚೆ ಸ್ಕೂಟರಿನವರೇ. "ಜೋರ್ ಅಲ್ಲಾಡಸೋ, ತಳದಾಗ ಕುಂತಬಿಡ್ತದ" ಅನ್ನುತ್ತ ಅವರೂ ಅಂಚು ಹಿಡಿದರು. ಸಾಹೇಬರೂ ಹಿಡಿದರು. ಮೂವರೂ ಗಂಭೀರವಾಗಿ, ಆ ಕಡೆ, ಈ ಕಡೆ. ತೊಟ್ಟಿಲು ತೂಗಿದ ಹಾಗೆ. ಗುಡ್ಡಗಳೂ ನಮ್ಮ ಜೊತೆ ತೂಗಿದವು.

ಆಮೇಲೆ ಗುಡ್ಡಗಳು ನೆಟ್ಟಗಾದವು, ನಾವು ತಲೆಕೆಳಗಾದೆವು.

ಎದ್ದು ನಿಂತರೆ ನೀರು ಎದೆಮಟ್ಟ. ಸಾಹೇಬರ ಸುತ್ತ ಎಣ್ಣೆ ಕಾಮನಬಿಲ್ಲಾಗಿ ಹರಡುತ್ತಿತ್ತು. ಅಂಥ ಬಣ್ಣ ನಾನು ಮತ್ತೆ ನೋಡಿಲ್ಲ. ಮುದುಕ ತನ್ನ ಹಳೇ ದೋಣಿಯಲ್ಲಿ ಮೆಲ್ಲಗೆ ಹುಟ್ಟು ಹಾಕುತ್ತ ಬಂದು, ಬಗ್ಗಿ ಕೇಳಿದ: "ಎಣ್ಣಿ ಕೂಡ್ತೇನ್ರೀ?"

ಮೊದಲು ನಕ್ಕವರು ಸಾಹೇಬರೇ. "ಮೋಟರ್ ಚಲೋ ಅದ. ಇವಗ ಮೊದಲ ದೋಣಿ ಕಲಸ್ರಿ!"

ಗುತ್ತೇದಾರರು ಧೋತರ ಹಿಂಡುತ್ತ ನನ್ನ ಕಡೆ ತಿರುಗಿದರು. "ಮಾತು ಕೊಟ್ಟೀನಿ, ತಪ್ಪಂಗಿಲ್ಲ. ನಾಳಿಯಿಂದ ನನ್ನ ದೋಣಿ ನಡಸಾಂವ ನೀನೇ."

ನನ್ನ ಎದೆ ಮತ್ತೆ ಉಬ್ಬಿತು. ಅವರು ಮುದುಕನ ಕೈಯಿಂದ ಇಸಿದುಕೊಂಡು ನನ್ನ ಕೈಗೆ ಕೊಟ್ಟರು.

ಎರಡು ಹುಟ್ಟು.